ಪೋಹೆ ತಿಂದವರು ಯಾರು?

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಟ್ಟಡಗಳಿಗೆ ಮರಳು, ಇಟ್ಟಿಗೆ ಹೊತ್ತವರು. ತೊಂಬತ್ತರ ದಶಕದ ಕೊನೆಗೆ ನರ್ಸಿಂಗ್ ಮುಗಿಸಿ ಪುಣೆ ಪಕ್ಕದ ನಿಗಡಿಯ ಆಸ್ಪತ್ರೆಯೊಂದಕ್ಕೆ ಸೇರಿದಾಗ, ಇಸ್ತ್ರಿ ಮಾಡಿದ ಯೂನಿಫಾರ್ಮಿಗಿಂತ ನಾನೇ ಹೆಚ್ಚು ಸೆಟೆದು ನಡೆಯುತ್ತಿದ್ದೆ.

ಹೆಂಗಸರ ವಾರ್ಡಿನಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬಳಿದ್ದಳು. ಕಾಲಿನಲ್ಲಿ ಹುಣ್ಣು, ಜೊತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಹಿಡಿದು ಹೋದರೆ ಬೈಗುಳದ ಸ್ವಾಗತ.

"ಬಂದಳು ನೋಡ್ರಿ ಚುಚ್ಚವ್ವ! ನಾಳೆ ಗಂಡಗೂ ಹಿಂಗ ಚುಚ್ಚಿದ್ರ ಓಡಿ ಹೋಗ್ತಾನ."

ಕನ್ನಡ ಬಾರದವರೂ ನಗುತ್ತಿದ್ದರು.

ಒಂದು ಸೋಮವಾರ ಇನ್ಸುಲಿನ್ ಕೊಟ್ಟೆ, ತಿಂಡಿಗೆ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ಬಂತು, ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿ. "ತಿಂಡಿ ಆತೇನ್ರಿ ಅಜ್ಜಿ?" ಎಂದೆ. ಪಕ್ಕದ ಸ್ಟೂಲಿನ ಮೇಲಿದ್ದ ಅವಳ ಗಂಡನೇ ಉತ್ತರ ಕೊಟ್ಟ: "ಆತ್ರಿ ಸಿಸ್ಟರಬಾಯಿ, ಪೋಹೆ ಭಾಳ ಛಲೋ ಇತ್ತು." ತಿಂಡಿ ಪೂರ್ತಿ ತಿಂದಿದ್ದಾರೆ ಎಂದು ಚಾರ್ಟಿನಲ್ಲಿ ಬರೆದು ಮುಂದೆ ಹೋದೆ.

ಹತ್ತು ಗಂಟೆಗೆ ಹುಣ್ಣಿನ ಪಟ್ಟಿ ಬದಲಿಸಲು ಹೋದರೆ ಅಜ್ಜಿ ಬೈಯಲಿಲ್ಲ.

"ನಿದ್ದಿ ಹತ್ತ್ಯದ, ಬಿಡ್ರಿ" ಎಂದ ಅಜ್ಜ.

ಹುಣ್ಣು ಮುಟ್ಟಿದರೂ ಸುಮ್ಮನಿರುವವಳು ನಮ್ಮ ಅಜ್ಜಿಯಲ್ಲ. ಜ್ವರವಿಲ್ಲ, ಆದರೆ ನಾಡಿ ಜೋರು. ಫ್ಯಾನಿನ ಕೆಳಗೇ ಮಲಗಿದ್ದರೂ ಕುತ್ತಿಗೆ ತುಂಬ ತಣ್ಣನೆಯ ಬೆವರು. ಆಗ ಹೊಳೆಯಿತು: ಪೋಹೆ ಛಲೋ ಇತ್ತೆಂದು ಇವನಿಗೆ ಹೇಗೆ ಗೊತ್ತು?

"ಅಜ್ಜಾರ, ಖರೇ ಹೇಳ್ರಿ. ಪೋಹೆ ಯಾರು ತಿಂದ್ರಿ?"

ಅಜ್ಜ ತಲೆ ಕೆರೆದುಕೊಂಡ. "ಶ್ರಾವಣ ಸೋಮವಾರ ಅದ ಅಲ್ರಿ. ಆಕಿದು ಉಪವಾಸ. ಚೆಲ್ಲಬಾರದಂತ ನಾನ..."

ಇನ್ಸುಲಿನ್ ತೆಗೆದುಕೊಂಡು ಏನೂ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ; ಕೊಟ್ಟವಳು ನಾನೇ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳದಲ್ಲಿತ್ತು. ಡಾಕ್ಟರನ್ನು ಕರೆಯಲು ಹೇಳಿ ಅಜ್ಜಿಯನ್ನು ಎಬ್ಬಿಸಿ ಕೂರಿಸಿದೆ. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು. ಗ್ಲೂಕೋಸ್ ನೀರು ತುಟಿಗಿಟ್ಟರೆ ಬಾಯಿ ಬಿಗಿದಳು.

"ಸಕ್ಕರಿ ಮುಟ್ಟಬ್ಯಾಡ ಅಂತ... ನೀನ ಹೇಳಿದಿ."

"ಈಗ ನಾನ ಕುಡಿ ಅಂತೀನಿ. ಉಪವಾಸಕ್ಕ ಇದು ನಡೀತದ ಅಜ್ಜಿ, ಕುಡೀರಿ!"

ಕುಡಿದಳು. ಡಾಕ್ಟರು ಬಂದು ನೋಡುವಷ್ಟರಲ್ಲಿ ಕಣ್ಣು ತಿಳಿಯಾದವು. ನಾನು ನಡೆದದ್ದನ್ನೆಲ್ಲ ಅವರಿಗೆ ಹೇಳಿ, ಚಾರ್ಟಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ನಿಜ ಬರೆದೆ. ಅಜ್ಜಿ ನೋಡುತ್ತಿದ್ದಳು.

"ನಾಕ ವರ್ಷ ಕಾಲೇಜಿಗೆ ಹೋಗಿ, ಖಾಲಿ ತಟ್ಟಿ ನೋಡಿ ಹೊಟ್ಟಿ ತುಂಬ್ಯಾದ ಅಂತ ಬರದ್ಯಾ?"

ಆ ಬೈಗುಳ ಕೇಳಿ ಜೀವ ಬಂದಂತಾಯಿತು.

ಮಂಗಳವಾರ, ಇವತ್ತು ಯಾವ ದೇವರ ಉಪವಾಸವೂ ಇಲ್ಲವೆಂದು ಅಜ್ಜಿಯ ಬಾಯಿ ಬಿಡಿಸಿದ ಮೇಲೆಯೇ ಇನ್ಸುಲಿನ್ ಕೊಟ್ಟೆ. ತಿಂಡಿ ಬಂದಾಗ ಅಜ್ಜನನ್ನು ಚಹಾಕ್ಕೆ ಕಳಿಸಿ, ಅವನ ಸ್ಟೂಲಿನ ಮೇಲೆ ನಾನೇ ಕೂತೆ.

ಅಜ್ಜಿ ಅಗಿಯುತ್ತ ಕೇಳಿದಳು: "ಏನ ನೋಡ್ತಿ? ನಿನಗೂ ಬೇಕೇನ?"