ಅತ್ತೆಗೆ ಓದದೆ ಬಿಟ್ಟ ಮೂವತ್ತು ಪುಟ

ಪಟ್ಟಿ ಈಗಲೂ ನನ್ನ ಬ್ಲಾಗಿನಲ್ಲಿದೆ. ಹನ್ನೆರಡು ಮಂದಿಗೆ ಹನ್ನೆರಡು ಸಾಲು, ಒಬ್ಬೊಬ್ಬರಿಗೆ ನಾಲ್ಕು ಪುಸ್ತಕ, ಓದಿ ಮುಗಿಸಿದ ಕಡೆ ಒಂದು ಸರಿ ಗುರುತು. ಕೊನೆಯ ಸಾಲು ನನ್ನ ಸೋದರತ್ತೆಯದು. ಅದರಲ್ಲಿ ಮೂರನೆಯ ಗುರುತಿನ ಪಕ್ಕ ಒಂದು ಚುಕ್ಕೆ ಇದೆ. ಚುಕ್ಕೆ ಯಾಕೆಂದು ಪಟ್ಟಿಯ ಕೆಳಗೆ ಎರಡು ಸಾಲು ಬರೆದಿದ್ದೇನೆ. ಉಳಿದದ್ದನ್ನು ಇಲ್ಲಿ ಬರೆಯೋಣವೆಂದು ಕೂತರೆ ನೆನಪು ತಾನೇ ಮುಂದೆ ಬಂದು ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಡುತ್ತಿದೆ. ಅದರ ಈ ಉತ್ಸಾಹ ನನಗೆ ಸೇರುವುದಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಪುಸ್ತಕಗಳ ಬಗ್ಗೆ ಬ್ಲಾಗ್ ಬರೆಯುವ ಹನ್ನೊಂದು ಮಂದಿ ನಾವು. ಧಾರವಾಡದವರು, ನವಲಗುಂದದವರು, ಅಣ್ಣಿಗೇರಿಯ ಒಬ್ಬ ಟೇಲರ್, ಮೈಸೂರು ಕಡೆಯ ಇಬ್ಬರು. ನಾನು ಕುಂದಗೋಳ ತಾಲೂಕಿನವಳು, ಯರಗುಪ್ಪಿಯಿಂದ ಸ್ವಲ್ಪ ಈಚೆಗಿನ ಊರು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಆಗಾಗ ಕಥೆಯನ್ನೂ ಬರೆಯುತ್ತೇನೆ. ಹಂಗಾಮಿಗೊಮ್ಮೆ ಒಂದು ಓದಿನ ಪಂಥ ಕಟ್ಟಿಕೊಳ್ಳುತ್ತೇವೆ. ಬೇರೆಯವರು ಸೂಚಿಸಿದ ನಾಲ್ಕು ಪುಸ್ತಕ ಓದಬೇಕು. ಮುಗಿಸಿದ ಮೇಲೆ ಸೂಚಿಸಿದವರು ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಉತ್ತರ ಕೊಟ್ಟರೆ ಗುರುತು. ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕವಾದರೆ ಇದ್ದ ಒಂದೇ ಪ್ರತಿ ಬಸ್ ಕಂಡಕ್ಟರರ ಕೈಯಲ್ಲಿ ಊರಿಂದ ಊರಿಗೆ ತಿರುಗುತ್ತದೆ.

ಆ ಸಲದ್ದು ದೀಪಾವಳಿಯಿಂದ ಯುಗಾದಿಯವರೆಗೆ. ಮೊದಲು ಅದಕ್ಕೆ ಚಳಿಗಾಲದ ಓದು ಎಂದು ಹೆಸರಿಟ್ಟಿದ್ದೆವು. ಉಳಿದವರು ಕಂಬಳಿಯ ಪಕ್ಕ, ಕಾಫಿ ಲೋಟದ ಪಕ್ಕ ಪುಸ್ತಕವಿಟ್ಟು ಫೋಟೋ ಹಾಕಿದರು. ನಮ್ಮ ಅಂಗಳದಲ್ಲಿ ಆಗ ಮೆಣಸಿನಕಾಯಿ ಬಿಟ್ಟರೆ ಬೇರೇನೂ ಇರುವುದಿಲ್ಲ. ನಾನು ಕೆಂಪು ರಾಶಿಯ ಮೇಲೆ ಪುಸ್ತಕವಿಟ್ಟು ಫೋಟೋ ತೆಗೆದೆ. ಆಮೇಲೆ ಆ ಪುಸ್ತಕ ತೆರೆದವರೆಲ್ಲ ಸೀನಿದರು. ಹೆಸರನ್ನು ಹಿಂಗಾರಿ ಓದು ಎಂದು ಬದಲಾಯಿಸಿದ್ದು ಆಗಲೇ ಇರಬೇಕು.

ಅತ್ತೆಯ ಮನೆ ನಮ್ಮ ಬಾಜುವಿನದು, ಅಂಗಳ ಒಂದೇ. ಹುಡುಗಿಯಾಗಿದ್ದಾಗ ಸಾಲೆಯ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದೆ ಅನ್ನುತ್ತಾಳೆ. ಕಪಾಟಿನ ಗಾತ್ರ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರದ್ದು ತೆಗೆಸಿಯಾಗಿತ್ತು, ಇನ್ನೊಂದು ಮೆಣಸಿನಕಾಯಿ ಕೆಲಸ ಮುಗಿದ ಮೇಲೆ ಎಂದು ಅವಳೇ ಮುಂದಕ್ಕೆ ಹಾಕಿದ್ದಳು. ಅಲ್ಲಿಯವರೆಗೆ ಸಣ್ಣ ಅಕ್ಷರ ನೋಡಬಾರದೆಂದು ಡಾಕ್ಟರು ಹೇಳಿದ್ದರು. ಪಟ್ಟಿಯ ಸುದ್ದಿ ಕೇಳಿದವಳು ನನ್ನ ಹೆಸರೂ ಹಚ್ಚು ಅಂದಳು. ನೀನು ಓದುವುದು ಹೇಗೆ ಅಂದರೆ, ನೀನು ಓದು, ನಾನು ಕೇಳುತ್ತೇನೆ, ನನ್ನ ಕೈಗೆ ಕೆಲಸ ಇದೆ, ಕಿವಿ ಖಾಲಿ ಇವೆ ಅಂದಳು.

ಕೇಳಿಸಿಕೊಂಡದ್ದು ಓದಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ನಮ್ಮ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ಮೈಸೂರಿನ ಒಬ್ಬ ಗೆಳತಿ ಓದು ಅಂದರೆ ಕಣ್ಣಿನ ಕೆಲಸ ಅಂದರು. ನಾನು ಉದ್ದುದ್ದ ಬರೆದು ವಾದಿಸಿ ಗೆದ್ದೆ. ಗೆದ್ದ ಹುರುಪಿನಲ್ಲಿ ನಾನೇ ಒಂದು ನಿಯಮವನ್ನೂ ದಪ್ಪ ಅಕ್ಷರದಲ್ಲಿ ಹಾಕಿದೆ: ಪುಸ್ತಕವನ್ನು ಒಂದು ಪುಟವೂ ಬಿಡದಂತೆ ಕೇಳಿರಬೇಕು.

ಕಾಲೇಜಿನಿಂದ ಬಂದು ಚಹಾ ಕುಡಿದು ಅಂಗಳಕ್ಕೆ ಬಂದರೆ ಅತ್ತೆಯ ಜೊತೆ ನಾಲ್ಕೈದು ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿರುತ್ತಿದ್ದರು. ಹೊತ್ತು ಮುಳುಗುವವರೆಗೆ ಓದುತ್ತಿದ್ದೆ. ಮೊದಲ ಎರಡು ಪುಸ್ತಕ ಸಲೀಸಾಗಿ ಮುಗಿದವು. ಮೂರನೆಯದು ಧಾರವಾಡದ ನಿವೃತ್ತ ಗ್ರಂಥಪಾಲಕರು ಸೂಚಿಸಿದ್ದು. ಹೊದಿಕೆ ಹರಿದುಹೋದ ಹಳೆಯ ಕಾದಂಬರಿ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಕುದುರೆಯೊಂದಿಗೆ ಊರೂರು ತಿರುಗುವ ಮನುಷ್ಯನ ಕಥೆ. ಅದು ನನ್ನ ಪಟ್ಟಿಯಲ್ಲೂ ಇತ್ತು. ಹಾಗಾಗಿ ಮೊದಲೇ ಓದಿಕೊಳ್ಳದೆ, ಅಂಗಳದಲ್ಲಿ ಓದುತ್ತಲೇ ಮುಗಿಸಿದರಾಯಿತು ಎಂದುಕೊಂಡಿದ್ದೆ.

ನಡುವೆ ಒಂದು ಕಡೆ ಕುದುರೆ ಕುಂಟತೊಡಗುತ್ತದೆ. ಮುಂದಿನ ಪುಟಗಳ ಮೇಲೆ ಕಣ್ಣಾಡಿಸಿದೆ. ಕುದುರೆ ಸಾಯುತ್ತದೆ, ಅವನು ಅಳುತ್ತಾನೆ. ಅಷ್ಟು ಸಾಕಾಯಿತು. ಮೂವತ್ತು ಪುಟ ಹಾರಿಸಿ ಅವನು ಮುಂದಿನ ಊರು ತಲುಪಿದಲ್ಲಿಂದ ಓದಿದೆ. ಕುದುರೆ ಎಲ್ಲಿ ಎಂದು ಒಬ್ಬಳು ಕೇಳಿದಳು. ಮನೆಯಲ್ಲಿ ಬಿಟ್ಟು ಬಂದಿದ್ದಾನೆ ಅಂದೆ.

ಯಾಕೆ ಹಾರಿಸಿದೆ? ಇದರ ಮೊದಲ ಕರಡಿನಲ್ಲಿ ಮೆಣಸಿನಕಾಯಿಯ ಘಾಟಿಗೆ ಗಂಟಲು ಕಟ್ಟಿತ್ತು ಎಂದು ಬರೆದಿದ್ದೆ. ಗಂಟಲು ಕಟ್ಟಿದ್ದು ಸುಳ್ಳಲ್ಲ, ದಿನಾ ಕಟ್ಟುತ್ತಿತ್ತು. ಎರಡನೆಯ ಕರಡಿನಲ್ಲಿ ಬೇರೆ ಕಾರಣ: ಪುಸ್ತಕದಲ್ಲಿ ಯಾರಾದರೂ ಅಳತೊಡಗಿದರೆ ನನಗೆ ಲೇಖಕರ ಮೇಲೆ ಸಿಟ್ಟು ಬರುತ್ತದೆ, ನನ್ನ ಕಥೆಗಳಲ್ಲಿ ಯಾರೂ ಅಳುವುದಿಲ್ಲ. ಇದೂ ನಿಜ. ಆ ಹೆಂಗಸರ ಮುಂದೆ ನನ್ನದೇ ದನಿ ಒಡೆದೀತೆಂಬ ಅಂಜಿಕೆಯಿತ್ತೇ ಎಂದರೆ, ಅದು ನನಗೆ ಗೊತ್ತಿಲ್ಲ.

ಪುಸ್ತಕ ಮುಗಿಯಿತು. ಕಂಡಕ್ಟರರ ಕೈಯಲ್ಲಿ ಅಣ್ಣಿಗೇರಿಯ ಟೇಲರಿಗೆ ಹೋಯಿತು. ನನ್ನ ಸಾಲಿನಲ್ಲೂ ಅತ್ತೆಯ ಸಾಲಿನಲ್ಲೂ ನಾನೇ ಗುರುತು ಹಾಕಿದೆ, ಪ್ರಶ್ನೆಯ ಉತ್ತರ ಆಮೇಲೆ ಕೊಟ್ಟರಾಯಿತೆಂದು. ಯುಗಾದಿ ಹತ್ತಿರ ಬಂದಾಗ ಗ್ರಂಥಪಾಲಕರು ಅತ್ತೆಗೆ ಕೇಳಿದ ಪ್ರಶ್ನೆ ಸರಳವಾಗಿತ್ತು: ಕಲಾಯಿಯವನು ನಿಮಗೆ ಹಿಡಿಸಿದನೇ, ಯಾಕೆ? ಅತ್ತೆ ನನ್ನನ್ನು ಕೇಳದೆ, ತನ್ನ ಫೋನಿನಿಂದಲೇ ಗುಂಪಿಗೆ ದನಿಯ ಸಂದೇಶ ಕಳಿಸಿದಳು.

"ಹಿಡಿಸಿದನ್ರಿ. ಅವ ಎಲ್ಲೂ ಅಳೂದಿಲ್ಲ. ಏನ್ ಬಂದರೂ ಅಳೂದಿಲ್ಲ."

ಗ್ರಂಥಪಾಲಕರು ಮೆತ್ತಗೆ ತಿದ್ದಿದರು. ಕುದುರೆ ಸತ್ತಾಗ ಅವನು ಅಳುತ್ತಾನಲ್ಲ, ಆ ಪುಸ್ತಕದಲ್ಲಿ ತಮಗೆ ಅಗದಿ ಸೇರಿದ್ದು ಅದೇ ಭಾಗ ಅಂದರು. ಆಮೇಲೆ ಮೈಸೂರಿನ ಗೆಳತಿಯ ದನಿ ಬಂತು. ಅವರು ಅತ್ತೆಯನ್ನು ಹೀಯಾಳಿಸಿದರು ಎಂದು ನಾನು ತಿಂಗಳುಗಟ್ಟಲೆ ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಇದನ್ನು ಬರೆಯುವ ಮೊದಲು ಅದನ್ನು ಮತ್ತೆ ಕೇಳಿದೆ. ಹೀಯಾಳಿಕೆ ಇಲ್ಲ. ಕೇಳುವಾಗ ಆ ಭಾಗ ತಪ್ಪಿಹೋಗಿರಬಹುದು, ಇರಲಿ ಬಿಡಿ ಎಂದಷ್ಟೇ ಇದೆ, ಸೌಮ್ಯವಾಗಿಯೇ ಇದೆ. ಹೀಯಾಳಿಕೆಯನ್ನು ಸೇರಿಸಿದ್ದು ನಾನು, ನನ್ನ ಪಾಲಿನದು ಕಡಿಮೆ ಕಾಣಲಿ ಎಂದು.

ಅತ್ತೆಗೆ ಮಾತ್ರ ಆ ಸೌಮ್ಯ ಮಾತೇ ಚುಚ್ಚಿತ್ತು. ಅಂಗಳದಲ್ಲಿ ಮೆಣಸಿನಕಾಯಿ ಖಾಲಿಯಾಗಿ ಹೆಂಗಸರೆಲ್ಲ ಕಡಲೆ, ಗೋಧಿ ಒಕ್ಕಣೆಗೆ ಹೋಗಿದ್ದರು. ಅವಳು ಬಂದು ನನ್ನ ಮುಂದೆ ಕೂತಳು.

"ಕುದುರಿ ಯಾವಾಗ ಸತ್ತತು?"

"ನಡುವ, ಅತ್ತಿ. ಆ ಹಾಳಿ ನಾ ಬಿಟ್ಟಿದ್ದೆ."

"ಮನ್ಯಾಗ ಬಿಟ್ಟು ಬಂದಾನ ಅಂದಿದ್ದಿ."

ನಾನು ಘಾಟಿನ ಮಾತು ತೆಗೆದೆ, ಗಂಟಲಿನ ಮಾತು ತೆಗೆದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ತೊಟ್ಟು ಮುರಿಯೂದು ನಮ್ಮ ಕೆಲಸ ಬೇ. ನಿಂದು ಓದೂದು. ಈಗ ಅವರೆಲ್ಲಾ ಮುದುಕಿ ತೂಕಡಿಸ್ಯಾಳ ಅಂತ ತಿಳಕೊಂಡಾರ."

ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಅವಳ ಗುರುತನ್ನು ಹಾಗೆಯೇ ಉಳಿಸುತ್ತೇನೆ ಅಂದೆ. ಅದು ಅವಳಿಗೆ ಬೇಡವಾಗಿತ್ತು. ಒಂದು ಪುಟವೂ ಬಿಡಬಾರದೆಂದು ಬರೆದವಳು ನೀನೇ ಅಲ್ಲವೇ ಅಂದಳು. ಪಟ್ಟಿ ಮುಚ್ಚಲು ಮೂರು ದಿನ ಉಳಿದಿತ್ತು. ಅಷ್ಟರಲ್ಲಿ ಆ ಮೂವತ್ತು ಪುಟ ಕೇಳಲೇಬೇಕು, ಆಮೇಲೇ ಗುರುತು. ಟೇಲರಿಗೆ ಹೇಳಿ ಪುಟಗಳ ಫೋಟೋ ತರಿಸುತ್ತೇನೆ ಅಂದೆ. ಫೋಟೋದಲ್ಲಿ ಮತ್ತೆ ನಾಲ್ಕು ಹಾಳೆ ಹಾರಿಸಿದರೆ ತನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಪುಸ್ತಕ ತನ್ನ ಕೈಯಲ್ಲಿರಬೇಕು, ತಾನು ಎಣಿಸಬೇಕು. ಫೋನ್ ಮಾಡಿದರೆ, ಟೇಲರ್ ಪುಸ್ತಕದ ಅರ್ಧಕ್ಕೆ ಬಂದಿದ್ದರು, ಕಳಿಸಲು ಮನಸ್ಸಿಲ್ಲ, ಬೇಕಾದರೆ ಬರ್ರಿ ಅಂದರು.

ಭಾನುವಾರ ಹೊರಟೆವು. ಅತ್ತೆ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಅಣ್ಣಿಗೇರಿಗೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯಲ್ಲಿ ನನ್ನೊಡನೆ ಅವಳು ಹೆಚ್ಚು ಮಾತಾಡಲಿಲ್ಲ, ಪಕ್ಕದವಳಿಗೆ ಮಾತ್ರ ಕುದುರೆ ನೋಡಲು ಹೊರಟಿದ್ದೇವೆ ಎಂದು ಹೇಳಿದಳು. ಯಾವ ಕುದುರೆ ಎಂದು ಆಕೆ ಕೇಳಲಿಲ್ಲ.

ಟೇಲರನ್ನು ನೋಡಿದ್ದು ಅದೇ ಮೊದಲು. ನಲವತ್ತರ ಆಸುಪಾಸು, ತೆಳ್ಳಗೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಹಬ್ಬಕ್ಕೆ ಕೊಡಬೇಕಾದ ಕುಪ್ಪಸಗಳ ಗಂಟು. ಪುಸ್ತಕ ಹೊಲಿಗೆ ಯಂತ್ರದ ಮೇಲೆಯೇ ಇತ್ತು, ನಡುವೆ ಹಸಿರು ಬಟ್ಟೆಯ ಚೂರು ಇಟ್ಟಿದ್ದರು. ಅದು ಇದ್ದ ಪುಟದಲ್ಲಿ ಕುದುರೆ ಕುಂಟಲು ಶುರುವಾಗಿತ್ತು. ಎರಡು ದಿನದಿಂದ ಗುಂಪನ್ನೂ ತೆರೆದಿಲ್ಲ, ಯಾರಾದರೂ ಮುಂದಿನದು ಹೇಳಿಬಿಟ್ಟಾರು ಅಂದರು. ನಾವು ಬಂದ ಕಾರಣವನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ನೀವು ಓದ್ರಿ. ನಾ ಹೊರಗ ಹೋಕ್ಕೀನಿ. ಕುದುರಿದು ಏನಾತು ಅಂತ ಮಾತ್ರ ನನ್ನ ಮುಂದ ಅನಬ್ಯಾಡ್ರಿ."

ಅತ್ತೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಪಕ್ಕದಲ್ಲಿ ಬಾಗಿ ಓದಬೇಕು, ಹಾಳೆ ತಿರುವುವವಳು ಅವಳು. ಒಂದೊಂದು ಹಾಳೆಯನ್ನೂ ಹೆಬ್ಬೆರಳಿನಿಂದ ಉಜ್ಜಿ, ಎರಡು ಅಂಟಿಕೊಂಡಿಲ್ಲವೆಂದು ನೋಡಿ ತಿರುವುತ್ತಿದ್ದಳು. ಹಾಗೆ ನಾನು ಆ ಪುಟಗಳನ್ನು ಮೊದಲ ಸಲ ಓದಿದೆ. ಕುದುರೆ ಹಳ್ಳದ ದಂಡೆಯಲ್ಲಿ ಕೂರುತ್ತದೆ, ಮತ್ತೆ ಏಳುವುದಿಲ್ಲ. ಅವನು ಅದನ್ನು ಮಣ್ಣು ಮಾಡುತ್ತಾನೆ. ಆಮೇಲೆ ಅದು ನೀರು ಕುಡಿಯುತ್ತಿದ್ದ ಹಳೆಯ ತಾಮ್ರದ ಪಾತ್ರೆಯನ್ನು ತೆಗೆದು, ಕುಲುಮೆ ಹೂಡಿ, ಯಾರೂ ಹೇಳದಿದ್ದರೂ ಅದಕ್ಕೆ ಕಲಾಯಿ ಹಾಕುತ್ತಾನೆ. ಮುಖ ಕಾಣುವಷ್ಟು ಬೆಳ್ಳಗಾಗುತ್ತದೆ. ಅದರಲ್ಲಿ ನೀರು ತುಂಬಿ ದಂಡೆಯ ಮೇಲೆ ಇಟ್ಟ ಮೇಲೆ ಅಳುತ್ತಾನೆ. ಅಳುವುದು ಒಂದೇ ಒಂದು ವಾಕ್ಯ. ಮೂವತ್ತು ಪುಟವೂ ಅಳುತ್ತಾನೆಂದು ನಾನು ತಿಳಿದಿದ್ದೆ.

ಆ ವಾಕ್ಯದಲ್ಲಿ ನನ್ನ ದನಿ ನಿಂತಿತು. ಅತ್ತೆ ಹಾಳೆಯ ಮೇಲಿದ್ದ ಹೆಬ್ಬೆರಳನ್ನು ಸರಿಸಲಿಲ್ಲ.

"ಯಾಕ ಬೇ," ಅಂದಳು, "ಇಲ್ಲಿ ಮೆಣಸಿನಕಾಯಿ ಇಲ್ಲಲಾ."

ನಗು ಬಂತು. ನನಗೆ ಮೊದಲೋ ಅವಳಿಗೆ ಮೊದಲೋ ಹೇಳಲಾರೆ. ಉಳಿದ ಪುಟಗಳನ್ನು ನಗುವಿನ ದನಿಯಲ್ಲೇ ಓದಿದೆ, ಅಲ್ಲಿ ಅವನು ಕುದುರೆಯಿಲ್ಲದೆ ಸಾಮಾನು ಹೊತ್ತು ನಡೆಯುತ್ತಾನೆ. ಓದಿ ಮುಗಿದ ಮೇಲೆ ಅತ್ತೆ ಇದು ಬೇರೆಯೇ ಪುಸ್ತಕ ಅಂದಳು. ಅಂಗಳದಲ್ಲಿ ಕೇಳಿದ್ದು ಒಂದು, ಇಲ್ಲಿ ಕೇಳಿದ್ದು ಇನ್ನೊಂದು, ಎರಡೂ ಅಡ್ಡಿಯಿಲ್ಲವಂತೆ.

ಅಲ್ಲಿಯೇ ಕೂತು ಫೋನ್ ಹಿಡಿದಳು. "ಅವ ಒಂದ್ ಸಲ ಅಳ್ತಾನ್ರಿ. ಯಾರೂ ಇಲ್ಲದಲ್ಲೆ ಅಳ್ತಾನ. ಅದಕ್ಕ ಇನ್ನೂ ಹಿಡಿಸಿದ. ನಾ ಏನ್ ತೂಕಡಿಸಿರಲಿಲ್ರಿ, ನಮ್ಮ ಅಣ್ಣನ ಮಗಳು ಹಾಳಿ ಹಾರಿಸಿದ್ಲು." ಮೊದಲಿನ ಉತ್ತರವನ್ನು ಅಳಿಸಬೇಕೇ ಎಂದು ಕೇಳಿದೆ. ಬೇಡ, ಅದೂ ತನ್ನದೇ, ಇರಲಿ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಸಾಲಿನ ಗುರುತು ಯಾವಾಗ ಹಾಕಿದ್ದಿ ಎಂದು ವಿಚಾರಿಸಿದಳು. ನಾನು ಅದನ್ನು ಅವಳ ಕಣ್ಣೆದುರೇ ಅಳಿಸಿ, ಆ ದಿನದ ತಾರೀಖಿನೊಂದಿಗೆ ಮತ್ತೆ ಹಾಕಿದೆ. ಅವಳ ಗುರುತಿನ ಪಕ್ಕ ಚುಕ್ಕೆ ಇಟ್ಟು ಕೆಳಗೆ ಬರೆದೆ: ಈ ಪುಸ್ತಕವನ್ನು ಇವರು ಎರಡು ಸಲಕ್ಕೆ, ಎರಡು ಊರಲ್ಲಿ, ಪೂರ್ತಿ ಕೇಳಿದ್ದಾರೆ. ಮೊದಲ ಸಲ ಬಿಟ್ಟುಹೋದದ್ದು ಓದಿದವಳ ತಪ್ಪು.

ಮೈಸೂರಿನ ಗೆಳತಿಯಿಂದ ಉತ್ತರ ಕೂಡಲೇ ಬಂತು. ಮುಂದಿನ ಹಂಗಾಮಿಗೆ ನಿಮಗೆ ಏನು ಓದಿಸಬೇಕೆಂದು ಈಗಲೇ ಹುಡುಕುತ್ತೇನೆ ಎಂದು ಅತ್ತೆಗೆ ಹೇಳಿದ್ದರು. ಅತ್ತೆ ಅದನ್ನು ಮೂರು ಸಲ ಕೇಳಿದಳು.

ಟೇಲರ್ ಮೂರು ಚಹಾ ಹಿಡಿದು ಒಳಗೆ ಬಂದರು. ನಮ್ಮಿಬ್ಬರ ಮುಖ ನೋಡಿದರು, ಪುಸ್ತಕದ ಕಡೆ ನೋಡಿದರು. ಏನೂ ಹೇಳಬಾರದೆಂದು ತಾವೇ ಅಂದಿದ್ದರಿಂದ ಚಹಾ ಲೋಟಗಳನ್ನು ನಮ್ಮ ಕೈಗಿಟ್ಟರು. ಅತ್ತೆ ಹಸಿರು ಬಟ್ಟೆಯ ಚೂರನ್ನು ಹುಡುಕಿ, ಅದು ಇದ್ದ ಪುಟದಲ್ಲೇ ಇಟ್ಟು, ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟಳು.

"ಒಂದೂ ಹಾಳಿ ಬಿಡಬ್ಯಾಡ್ರಿ," ಅಂದಳು.