ಹೊಲಿಗೆ ಮಷೀನು ಎತ್ತಾಕ ಬಂದವರು

ದೋಸ್ತರೇ, ಇವತ್ತು ಹುಮನಾಬಾದಿನ್ಯಾಗ ಟೈಲರ್ ಅಂಗಡಿಗೆ, ಹೊಲಿಯಾಕ ಕೊಟ್ಟಿದ್ದ ಬ್ಲೌಸ್ ತರಾಕ ಹೋಗಿದ್ದೆ. ಸಾಲದ ಕಂಪನಿಯಿಂದ ಬಂದ ಇಬ್ಬರು ಗಂಡಸರು, ಟೈಲರ್ ಶಬಾನಾನ ಹೊಲಿಗೆ ಮಷೀನು ಎತ್ತಾಕತ್ತಿದ್ರು. ಆಕಿ ಅದನ್ನ ಗಟ್ಟಿಯಾಗಿ ಹಿಡಕೊಂಡು ನಿಂತಿದ್ಲು.

"ನಾನು ವಕೀಲೆ. ಕೋರ್ಟ್ ಆದೇಶ ಅದ ಏನ್ರಿ?" ಅಂತ ಕೇಳ್ದೆ.

"ಇಲ್ರಿ. ಈಕಿ ಎರಡು ಕಂತು ಕಟ್ಟಿಲ್ಲ."

"ಹೊಟ್ಟಿಪಾಡಿನ ಸಾಮಾನು ಕೋರ್ಟ್ ಸುದ್ದಾ ಜಪ್ತಿ ಮಾಡಂಗಿಲ್ಲ. ಇಡ್ರಿ ಕೆಳಗ, ಇಲ್ಲಾಂದ್ರ ಠಾಣೆಗೆ ಹೋಗೂಣು."

ಇಟ್ರು. ಒಬ್ಬ ಗಾಡಿ ಹತ್ತಿ ಹೋದ. ಇನ್ನೊಬ್ಬ ಬಾಗಿಲದಾಗ ನಿಂತು ದನಿ ಇಳಿಸಿದ: "ಮೇಡಂ, ಬೇರೆ ಸಾಲದ ಕಂಪನಿಯವರು ನನ್ನ ಮನಿಗೂ ಬಂದು, ಸಾಮಾನು ಎತ್ತತೀವಿ ಅಂತ ಬೈಯಾಕತ್ತಾರ್ರಿ. ಈ ಕಾನೂನು ನನಗೂ ನಡೀತದೇನ್ರಿ?"

"ನಡೀತದ" ಅಂದೆ.

ಶಬಾನಾ ಅವನ ಮುಖ ನೋಡಿ, ಸ್ಟೂಲ್ ಸರಿಸಿ, "ಕುಂಡ್ರಿ ಭಾಯಿ" ಅಂದ್ಲು.

ಒಂದೇ ಅಂಗಡಿಯಾಗ ಇಬ್ಬರು ಕಕ್ಷಿದಾರರು ಸಿಕ್ರು. ಫೀಸ್ ಕೇಳಾಕ ಮಾತ್ರ ಬಾಯಿ ಬರ್ಲಿಲ್ಲ.