ಎಡಗೈಯ ಹಿಡಿ

ಕೊಲ್ಲಿ ದೇಶದ ಘಾಲಾದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ಗದಗಿನ ಗುರುಪಾದಪ್ಪ, ನಿವೃತ್ತ ಸೈನಿಕ ಸಾಲಿಮ್ ಅವರ ಹಳೆಯ ಪಿಸ್ತೂಲಿಗೆ ಬೀಟೆಯ ಹಿಡಿ ಮಾಡಿಕೊಟ್ಟಿದ್ದ. ಮುದುಕರು ಅದನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. 2006ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸೋತಾಗ ಹಿಡಿಯನ್ನು ಎಡಗೈಗೆ ಒಗ್ಗುವಂತೆ ಕೆತ್ತಿಸಿಕೊಂಡರು. ಹೆಂಡತಿ ತೀರಿಕೊಂಡ ವಾರ ಮತ್ತೆ ಬಂದರು.

"ಟ್ರಿಗರ್ ಹಗುರ ಮಾಡು. ಬೆರಳಲ್ಲಿ ಬಲವಿಲ್ಲ."

"ಯಾರ ಮ್ಯಾಲ ಹಾರಸ್ತೀರಿ, ಬಾಬಾ?"

ಮುದುಕರು ಕಣ್ಣು ತಪ್ಪಿಸಿದರು. "ಖಲಾಸ್, ಮಾತು ಸಾಕು. ಮಾಡು."

ಗುರುಪಾದಪ್ಪ ಪಿಸ್ತೂಲನ್ನು ತನ್ನ ಕೈಗೆ ತೆಗೆದುಕೊಂಡ. "ಸ್ಪ್ರಿಂಗ್ ತರಿಸ್ಬೇಕ್ರಿ, ಇಲ್ಲೇ ಬಿಟ್ಟು ಹೋಗ್ರಿ" ಎಂದು ಸುಳ್ಳು ಹೇಳಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ ಬಂದಾಗಲೆಲ್ಲ ಚಹಾ ಕುಡಿಸಿ ಕಳಿಸಿದ.

ವೀಸಾ ಮುಗಿದು ಊರಿಗೆ ಹೊರಟ ದಿನ ಕಪಾಟಿನ ಕೀಲಿಯನ್ನು ತನಗೆ ವೀಸಾ ಕೊಡಿಸಿದ್ದ ಮಾಲೀಕ ಕಫೀಲರಿಗೆ ಒಪ್ಪಿಸಿ, ಮುದುಕರು ತಮಗೇ ಏನಾದರೂ ಮಾಡಿಕೊಂಡಾರೆಂದು ಎಚ್ಚರಿಸಿದ. ಕಫೀಲರು ನಕ್ಕರು.

"ಸಾಲಿಮ್ ಅಂಥವನಲ್ಲ. ಪಿಸ್ತೂಲನ್ನು ನಾಳೆಯೇ ತಲುಪಿಸ್ತೇನೆ."